ಹಕ್ಕಿಜ್ವರದ ಭೀತಿ: ಭಯ ಯಾವುದಕ್ಕೆ, ಎಚ್ಚರ ಎಲ್ಲಿ?

ಕೇರಳದ ಆಲಪ್ಪುಳ ಕಡೆಯಿಂದ ಹಕ್ಕಿಜ್ವರದ ವಾರ್ತೆ ಬಂದಾಗಲೆಲ್ಲ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಎರಡು ಸಂಗತಿಗಳು ನಡೆಯುತ್ತವೆ. ವಾಳಯಾರ್, ಆನೈಕಟ್ಟಿ, ವೇಲಂತಾವಳಂ, ಗೋಪಾಲಪುರಂ, ಮೀನಾಕ್ಷಿಪುರಂ ಮೊದಲಾದ ಗಡಿ ದಾರಿಗಳಲ್ಲಿ ಪಶುಸಂಗೋಪನಾ ಇಲಾಖೆಯ ತಂಡಗಳು ನಿಂತು, ಆ ಕಡೆಯಿಂದ ಬರುವ ವಾಹನಗಳಿಗೆ ಕ್ರಿಮಿನಾಶಕ ಸಿಂಪಡಿಸತೊಡಗುತ್ತವೆ. ಅದೇ ಸಂಜೆ ನಮ್ಮ ಮನೆಗಳ ಮೊಬೈಲುಗಳಿಗೆ 'ಕೋಳಿ ತಿನ್ನಬೇಡಿ, ಮೊಟ್ಟೆ ಮುಟ್ಟಬೇಡಿ' ಎಂಬ ಧ್ವನಿಸಂದೇಶಗಳು ಬಂದು ಬೀಳುತ್ತವೆ. ಮೊದಲನೆಯದು ಅಗತ್ಯವಾದ ಎಚ್ಚರಿಕೆ. ಎರಡನೆಯದು ದಿಕ್ಕು ತಪ್ಪಿದ ಭಯ. ಇವೆರಡರ ವ್ಯತ್ಯಾಸವನ್ನು ತಿಳಿಯದಿದ್ದರೆ ನಾವು ಅಂಜಬೇಕಾದ ಕಡೆ ಅಂಜದೆ, ಅಂಜಬಾರದ ಕಡೆ ಅಂಜುತ್ತೇವೆ.

2025ರ ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ಗೋದಾವರಿ ಜಿಲ್ಲೆಗಳಲ್ಲಿ ಈ ರೋಗ ಕಾಣಿಸಿಕೊಂಡ ದಿನಗಳು. ನಾನು ಪಾಠ ಹೇಳುವ ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ನೇಕಾರರ ಮನೆಯ ಹುಡುಗನೊಬ್ಬ ತಟ್ಟೆಯ ಮೊಟ್ಟೆಯನ್ನು ಬದಿಗೆ ಸರಿಸಿದ. ಕೇಳಿದರೆ, 'ಅಮ್ಮ ಬೇಡ ಅಂದಿದ್ದಾರೆ' ಎಂದ. ತಮಿಳುನಾಡಿನ ಶಾಲಾ ಊಟದಲ್ಲಿ ವಾರಕ್ಕೆ ಐದು ಮೊಟ್ಟೆ ಕೊಡುವ ಕ್ರಮ 2010ರಿಂದ ಇದೆ. ಮಗ್ಗದ ಕೂಲಿಯಿಂದ ಬದುಕುವ ಎಷ್ಟೋ ಮನೆಗಳ ಮಕ್ಕಳಿಗೆ ಆ ದಿನದ ಗಟ್ಟಿ ಪೋಷಣೆ ಎಂದರೆ ಅದೊಂದೇ. ಪೂರ್ತಿ ಬೇಯಿಸಿದ, ಮೊಟ್ಟೆಯ ಅತ್ಯಂತ ಸುರಕ್ಷಿತ ರೂಪವದು. ಅದನ್ನೇ ಬಿಟ್ಟ ಆ ಮಗುವನ್ನು ಕಂಡ ಮೇಲೆ ಈ ವಿಷಯವನ್ನು ಕನ್ನಡದಲ್ಲಿ ವಿವರವಾಗಿ ಬರೆಯಬೇಕೆನಿಸಿತು.

ರೋಗದ ಸ್ವರೂಪ

ಹಕ್ಕಿಜ್ವರವು ಇನ್‌ಫ್ಲುಯೆಂಜಾ ವೈರಾಣುವಿನಿಂದ ಬರುತ್ತದೆ. ಎಚ್5ಎನ್1, ಎಚ್5ಎನ್8 ಎಂಬವು ಅದರ ಪ್ರಭೇದಗಳು. ಕಾಡುಬಾತು ಮೊದಲಾದ ನೀರುಹಕ್ಕಿಗಳು ಇದನ್ನು ಹೊತ್ತು ದೂರದೂರ ಹಾರುತ್ತವೆ. ಅನೇಕ ವೇಳೆ ಅವುಗಳಲ್ಲಿ ರೋಗದ ಚಿಹ್ನೆಯೇ ಕಾಣದು. ಕುಟ್ಟನಾಡಿನ ನೀರುಗದ್ದೆಗಳಲ್ಲಿ ಮೇಯುವ ಸಾಕು ಬಾತುಗಳು ವಲಸೆ ಹಕ್ಕಿಗಳೊಡನೆ ಒಂದೇ ನೀರನ್ನು ಹಂಚಿಕೊಳ್ಳುತ್ತವೆ. 2014, 2016, 2021, 2024 ಹೀಗೆ ಆಲಪ್ಪುಳದ ಹೆಸರು ಮತ್ತೆ ಮತ್ತೆ ಕೇಳಿಬರುವುದಕ್ಕೆ ಇದು ಮುಖ್ಯ ಕಾರಣ. ಕರ್ನಾಟಕವೂ ಇದಕ್ಕೆ ಹೊರತಲ್ಲ: 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ರೋಗ ದೃಢಪಟ್ಟಿತ್ತು.

ಬಾತುಗಳಿಗಿಂತ ಕೋಳಿಗಳಿಗೆ ಇದು ಹೆಚ್ಚು ಮಾರಕ. ಸೋಂಕು ತಗುಲಿದ ಹಿಂಡಿನಲ್ಲಿ ಎರಡು ಮೂರು ದಿನಗಳೊಳಗೆ ಬಹುಪಾಲು ಕೋಳಿಗಳು ಸಾಯಬಹುದು. ಹಕ್ಕಿಗಳ ಹಿಕ್ಕೆ, ಬಾಯಿ ಮೂಗಿನ ದ್ರವಗಳಲ್ಲಿ ವೈರಾಣು ಇರುತ್ತದೆ. ತಂಪಾದ ತೇವದ ಜಾಗದಲ್ಲಿ ಅದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ.

ಇಲ್ಲಿ ನಮ್ಮ ಜಿಲ್ಲೆಗಳ ಪಾಲಿಗೆ ಒಂದು ಸೂಕ್ಷ್ಮವಿದೆ. ಕೋಳಿ ಸಾಮಾನ್ಯವಾಗಿ ಕೇರಳದಿಂದ ನಮ್ಮ ಕಡೆಗೆ ಬರುವುದಿಲ್ಲ. ಪಲ್ಲಡಂ, ಉಡುಮಲಪೇಟೆ, ಪೊಳ್ಳಾಚಿ ಕಡೆಗಳಿಂದ ಆ ಕಡೆಗೆ ಹೋಗುತ್ತದೆ. ಮರಳಿ ಬರುವುದು ಖಾಲಿ ಪಂಜರ, ಖಾಲಿ ಮೊಟ್ಟೆ ತಟ್ಟೆ, ಹಿಕ್ಕೆ ಮೆತ್ತಿದ ಚಕ್ರ, ಚಾಲಕನ ಚಪ್ಪಲಿ. ಆದುದರಿಂದ ಗಡಿಯಲ್ಲಿ ಸಿಂಪಡಿಸುವ ಕ್ರಿಮಿನಾಶಕಕ್ಕೆ ಅಷ್ಟು ಮಹತ್ವ. ರೋಗ ನಮ್ಮ ಊರಿಗೆ ಬಂದರೆ ಸಾರಿನ ಪಾತ್ರೆಯಲ್ಲಿ ಬರುವುದಿಲ್ಲ. ತೊಳೆಯದ ಪಂಜರದ ಮೂಲಕವೋ ಹಾರಿಬರುವ ಹಕ್ಕಿಯ ಮೂಲಕವೋ ಬರುತ್ತದೆ.

ಮನುಷ್ಯರಿಗೆ ಅಪಾಯ ಎಷ್ಟು?

ಅಪಾಯವೇ ಇಲ್ಲವೆಂದು ಹೇಳುವುದು ತಪ್ಪು. 1997ರಲ್ಲಿ ಹಾಂಗ್‌ಕಾಂಗಿನಲ್ಲಿ 18 ಮಂದಿಗೆ ಎಚ್5ಎನ್1 ತಗುಲಿ 6 ಮಂದಿ ತೀರಿಕೊಂಡರು. 2003ರಿಂದ ಈಚೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಜನರಲ್ಲಿ ಈ ಸೋಂಕು ದೃಢಪಟ್ಟಿದ್ದು, ಅವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಉಳಿಯಲಿಲ್ಲ. ಭಾರತದಲ್ಲಿ 2021ರ ಜುಲೈಯಲ್ಲಿ ಹರಿಯಾಣದ ಬಾಲಕನೊಬ್ಬ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಮೃತಪಟ್ಟನು. 2025ರ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗುವೊಂದು ಅಸುನೀಗಿತು; ಆ ಮಗು ಹಸಿ ಕೋಳಿಮಾಂಸದ ತುಣುಕು ತಿಂದಿತ್ತೆಂದು ವರದಿಯಾಗಿತ್ತು.

ಈ ಅಂಕಿಗಳನ್ನು ಎರಡು ಕಡೆಯಿಂದ ಓದಬೇಕು. ಕೋಟ್ಯಂತರ ಜನ ದಿನನಿತ್ಯ ಕೋಳಿ ತಿನ್ನುವ ಜಗತ್ತಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಈ ಸಂಖ್ಯೆ ಸಾವಿರದ ಆಸುಪಾಸಿನಲ್ಲಿದೆ. ಸೋಂಕು ಮನುಷ್ಯನಿಗೆ ಸುಲಭವಾಗಿ ಅಂಟುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಅಂಟಿದರೆ ಅದು ಘೋರ. ಹೀಗೆ ಅಂಟಿಸಿಕೊಂಡವರಲ್ಲಿ ಬಹುತೇಕರು ರೋಗದ ಅಥವಾ ಸತ್ತ ಹಕ್ಕಿಗಳನ್ನು ಮುಟ್ಟಿದವರು, ಕೊಯ್ದವರು, ಪುಕ್ಕ ಕಿತ್ತವರು, ಇಲ್ಲವೇ ಹಕ್ಕಿಗಳಿದ್ದ ಮಲಿನ ಜಾಗಗಳಲ್ಲಿ ಓಡಾಡಿದವರು. ಸರಿಯಾಗಿ ಬೇಯಿಸಿದ ಆಹಾರದಿಂದ ಸೋಂಕು ಬಂದುದಕ್ಕೆ ಆಧಾರವಿಲ್ಲ.

ಬೇಯಿಸುವುದು ಎಂದರೆ ಏನು?

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆ 70 ಡಿಗ್ರಿ ಸೆಲ್ಸಿಯಸ್. ಮಾಂಸದ ಒಳಭಾಗವೂ ಈ ಬಿಸಿಯನ್ನು ಮುಟ್ಟಿದರೆ ವೈರಾಣು ನಾಶವಾಗುತ್ತದೆ. ಕುದಿಯುವ ಸಾರಿನ ಬಿಸಿ ನೂರರ ಹತ್ತಿರವಿರುತ್ತದೆ. ನಮ್ಮ ಮನೆಗಳಲ್ಲಿ ಅರ್ಧ ಗಂಟೆ ಕುದಿಸುವ ಕೋಳಿಸಾರಿನಲ್ಲಿ ವೈರಾಣು ಉಳಿಯದು. ಮೂಳೆಯ ಬಳಿ ಕೆಂಪು ಉಳಿದಿರಬಾರದು. ಮೊಟ್ಟೆಯ ಹಳದಿ ಗಟ್ಟಿಯಾಗಿರಬೇಕು. ಅರಿಸಿನ, ಮೆಣಸು, ವಿನೆಗರ್ ಈ ಕೆಲಸ ಮಾಡುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ವೈರಾಣು ಸಾಯುವುದಿಲ್ಲ, ಉಳಿದುಕೊಳ್ಳುತ್ತದೆ.

ಹಾಗಾದರೆ ನಮ್ಮ ಆಹಾರಕ್ರಮದಲ್ಲಿ ದುರ್ಬಲ ಕೊಂಡಿಗಳು ಯಾವುವು? ಕೊಂಗುನಾಡಿನ ರಸ್ತೆಬದಿಯ ಅಂಗಡಿಗಳ ಪ್ರಿಯ ತಿನಿಸಾದ ಕಲಕ್ಕಿಯ ಒಳಗು ಅರೆಬೆಂದಿರುತ್ತದೆ. ಆಫ್‌ಬಾಯಿಲ್ ಕೂಡ ಹಾಗೆಯೇ. ಮೈನೆರೆದ ಹೆಣ್ಣುಮಕ್ಕಳಿಗೆ ಹಸಿ ಮೊಟ್ಟೆ ಕುಡಿಸಿ ಮೇಲೆ ಎಳ್ಳೆಣ್ಣೆ ಕೊಡುವ ಪದ್ಧತಿ ನಮ್ಮ ಹಲವು ಕುಟುಂಬಗಳಲ್ಲಿ ಇಂದಿಗೂ ಇದೆ. ಹಕ್ಕಿಜ್ವರವಿಲ್ಲದ ಕಾಲದಲ್ಲೂ ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬರಬಹುದು. ಹಿರಿಯರ ಆಶಯ ಮಗುವಿಗೆ ಶಕ್ತಿ ಬರಲೆಂಬುದು; ಬೇಯಿಸಿದ ಮೊಟ್ಟೆಯಲ್ಲಿ ಆ ಶಕ್ತಿ ಕಡಿಮೆಯಾಗುವುದಿಲ್ಲ.

ಅಡುಗೆಮನೆಯಲ್ಲಿ ಹಸಿ ಮಾಂಸವನ್ನು ನಲ್ಲಿಯಡಿ ಹಿಡಿದು ರಭಸದಿಂದ ತೊಳೆದರೆ ಹನಿಗಳು ಸುತ್ತ ಸಿಡಿಯುತ್ತವೆ. ಹಸಿ ಮಾಂಸ ಕೊಯ್ದ ಕತ್ತಿ, ಹಲಗೆಗಳಲ್ಲಿಯೇ ಸೌತೆಕಾಯಿ, ಈರುಳ್ಳಿ ಹೆಚ್ಚಬಾರದು. ಕೈಯನ್ನು ಸೋಪಿನಿಂದ ತೊಳೆಯಬೇಕು. ಮಕ್ಕಳನ್ನು ಹಸಿ ಮಾಂಸದ ಬಳಿ ಬಿಡಬಾರದು.

'ಬ್ರಾಯ್ಲರ್‌ಗೆ ಮಾತ್ರ ರೋಗ, ನಾಟಿಕೋಳಿಗೆ ಬಾರದು' ಎಂಬ ನಂಬಿಕೆಯೂ ಸರಿಯಲ್ಲ. ಹಿತ್ತಲಲ್ಲಿ ಮೇಯುವ ನಾಟಿಕೋಳಿ ಕಾಗೆ, ಕೊಕ್ಕರೆಗಳೊಡನೆ ಒಂದೇ ನೆಲದಲ್ಲಿ ಕೆದಕುತ್ತದೆ. ಮುಚ್ಚಿದ ಶೆಡ್ಡಿನ ಕೋಳಿಗಿಂತ ಅದು ಹೆಚ್ಚು ಬಯಲಿಗೆ ಒಡ್ಡಿಕೊಂಡಿದೆ.

ವದಂತಿಯ ಬೆಲೆ ತೆರುವವರು

2006ರ ಫೆಬ್ರವರಿಯಲ್ಲಿ ದೇಶದಲ್ಲಿ ಮೊದಲ ಬಾರಿಗೆ ಈ ರೋಗ ಮಹಾರಾಷ್ಟ್ರದ ನವಾಪುರದಲ್ಲಿ ಕಂಡಿತು. ನಮ್ಮಿಂದ ಸಾವಿರ ಕಿಲೋಮೀಟರಿಗೂ ದೂರ. ಆದರೂ ಇಲ್ಲಿ ಕೋಳಿಯ ದರ ಕುಸಿಯಿತು. 2020ರ ಮಾರ್ಚ್‌ನಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆಂಬ ಸುಳ್ಳು ಹಬ್ಬಿ ಮತ್ತೆ ಅದೇ ಆಯಿತು.

ಪಲ್ಲಡಂ ಕಡೆಯ ಸಾಕಣೆ ಬಹುತೇಕ ಒಪ್ಪಂದದ್ದು. ಮರಿ, ಮೇವು, ಔಷಧ ಕಂಪನಿಯದು. ಶೆಡ್ಡು, ವಿದ್ಯುತ್ತು, ಸುಮಾರು ನಲವತ್ತು ದಿನಗಳ ದುಡಿಮೆ ರೈತನದು. ಅವನಿಗೆ ಸಿಗುವುದು ತೂಕದ ಮೇಲಿನ ಸಾಕಣೆ ಕೂಲಿ. ದರ ಬಿದ್ದಾಗ ಕಂಪನಿಗಳು ಮರಿ ಬಿಡುವುದನ್ನು ತಡಮಾಡುತ್ತವೆ. ಶೆಡ್ಡು ಖಾಲಿ ಇದ್ದರೂ ಸಾಲದ ಕಂತು ನಿಲ್ಲುವುದಿಲ್ಲ. ಕೈಮಗ್ಗ ಬಿಟ್ಟು ಶೆಡ್ಡು ಕಟ್ಟಿಕೊಂಡ ನಮ್ಮವರೂ, ಬೀದಿಯ ಕೋಳಿ ಅಂಗಡಿಯವರೂ ಈ ನಷ್ಟವನ್ನು ಹೊರುತ್ತಾರೆ.

ರೋಗ ನಿಜವಾಗಿ ಬಂದರೆ ಸರಕಾರದ ಕ್ರಮ ಸ್ಪಷ್ಟ. ಮಾದರಿ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗುತ್ತದೆ. ದೃಢಪಟ್ಟರೆ ಒಂದು ಕಿಲೋಮೀಟರ್ ಸುತ್ತಳತೆಯ ಸಾಕುಹಕ್ಕಿಗಳನ್ನು ನಾಶಪಡಿಸಿ, ಹತ್ತು ಕಿಲೋಮೀಟರ್ ತನಕ ನಿಗಾ ಇಡಲಾಗುತ್ತದೆ. ನಾಶಪಡಿಸಿದ ಹಕ್ಕಿಗಳಿಗೆ ಪರಿಹಾರವಿದೆ. ಆದುದರಿಂದ ಸಾವನ್ನು ಮುಚ್ಚಿಡುವುದರಿಂದ ರೈತನಿಗೇ ನಷ್ಟ. ಒಪ್ಪಂದದಲ್ಲಿ ಸಾಕುವವರು, ಹಕ್ಕಿ ಕಂಪನಿಯದಾಗಿರುವುದರಿಂದ ಪರಿಹಾರದಲ್ಲಿ ತಮ್ಮ ಕೂಲಿಯ ಪಾಲೆಷ್ಟು ಎಂಬುದನ್ನು ಒಪ್ಪಂದಪತ್ರದಲ್ಲಿ ಮೊದಲೇ ಕೇಳಿ ಬರೆಸಿಕೊಳ್ಳುವುದು ಲೇಸು.

ಹಿತ್ತಲ ಕೋಳಿ ಸತ್ತರೆ

ಜುಟ್ಟು ನೀಲಿಗಟ್ಟುವುದು, ತಲೆ ಊದುವುದು, ಒಮ್ಮೆಲೇ ಹಲವು ಕೋಳಿಗಳು ಸಾಯುವುದು ಹಕ್ಕಿಜ್ವರದ ಲಕ್ಷಣಗಳು. ರಾಣಿಖೇತ್ ರೋಗದಲ್ಲೂ ಕೋಳಿಗಳು ಸಾಲುಸಾಲಾಗಿ ಸಾಯುತ್ತವೆ. ಕಣ್ಣಿನಿಂದ ನೋಡಿ ಯಾವುದೆಂದು ನಿರ್ಣಯಿಸಲಾಗದು. ಸತ್ತುದನ್ನು ಬರಿಗೈಯಲ್ಲಿ ಮುಟ್ಟಬಾರದು, ಕೆರೆಗೆ ಅಥವಾ ಹಳ್ಳಕ್ಕೆ ಎಸೆಯಬಾರದು. ಸಾಯುವ ಮುನ್ನ ಕೊಯ್ದು ಸಾರು ಮಾಡುವ ಅಭ್ಯಾಸವಂತೂ ಖಂಡಿತ ಕೂಡದು. ಸಾರಿಗಿಂತ ಆ ಕೊಯ್ಯುವಿಕೆಯೇ ಅಪಾಯ. ಹತ್ತಿರದ ಪಶುವೈದ್ಯರಿಗೆ ತಿಳಿಸಬೇಕು. 1962 ಎಂಬ ಸಂಖ್ಯೆಗೂ ಕರೆ ಮಾಡಬಹುದು. ಸತ್ತ ಹಕ್ಕಿಗಳನ್ನು ಮುಟ್ಟಿದವರಿಗೆ ಹತ್ತು ದಿನಗಳೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಕಂಡರೆ ವೈದ್ಯರ ಬಳಿ ಆ ಸಂಗತಿಯನ್ನು ತಾವಾಗಿಯೇ ಹೇಳಬೇಕು.

ಕೊನೆಯದಾಗಿ ಭಾಷೆಯ ಮಾತು. ನಮ್ಮ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಮಾತು ಕನ್ನಡ, ಅಕ್ಷರ ತಮಿಳು. ಇಲಾಖೆಯ ಸೂಚನೆ ತಮಿಳಿನಲ್ಲಿ ಗೋಡೆಗೆ ಅಂಟಿರುತ್ತದೆ. ಅದನ್ನು ಓದಲಾರದ ಅಜ್ಜಿಯ ಕಿವಿಗೆ ಬೀಳುವುದು ವದಂತಿಯ ಧ್ವನಿಸಂದೇಶ ಮಾತ್ರ. ಅಡುಗೆಮನೆಯ ನಿರ್ಧಾರವೋ ಅವರದು. ಓದಬಲ್ಲವರು ಆ ಸೂಚನೆಯನ್ನು ಮನೆಯಲ್ಲಿ ನಮ್ಮ ಮಾತಿನಲ್ಲಿ ಓದಿ ಹೇಳಬೇಕು. ನಮ್ಮ ಸಂಘಗಳು ದೇವಸ್ಥಾನದ ಧ್ವನಿವರ್ಧಕದಲ್ಲಿ ಎರಡು ನಿಮಿಷ ಇದನ್ನು ಕನ್ನಡದಲ್ಲಿ ಹೇಳಿಸಿದರೂ ದೊಡ್ಡ ಉಪಕಾರ. ಭಾಷೆ ಉಳಿಸುವುದೆಂದರೆ ಇಂಥ ಕೆಲಸಕ್ಕೂ ಅದನ್ನು ಬಳಸುವುದು.

ಅಂದು ಮೊಟ್ಟೆ ಸರಿಸಿದ ಹುಡುಗನ ತಾಯಿಯನ್ನು ಮರುದಿನ ಕಂಡು ಇಷ್ಟನ್ನೇ ಹೇಳಿದೆ. ಅವರು ಕೇಳಿಕೊಂಡು, 'ಹಾಗಾದರೆ ಕಲಕ್ಕಿ ಬೇಡ, ಬೇಯಿಸಿದ್ದು ಆಗಬಹುದು, ಅಷ್ಟೇ ಅಲ್ಲವೇ' ಎಂದರು. ಅಷ್ಟೇ.