ಬಾಯಿ ಮುಚ್ಚಿಟ್ಟರೂ ಮೈ ಹೇಳುತ್ತದೆ

ಸಿಗರೇಟು ಸೇದಿದವರು ಮನೆಗೆ ಬರುವ ಮುನ್ನ ಏಲಕ್ಕಿಯನ್ನೋ ಸೋಂಪನ್ನೋ ಬಾಯಿಗೆ ಹಾಕಿಕೊಳ್ಳುವುದನ್ನು ನೀವು ನೋಡಿರಬಹುದು. ಬಾಯಿಯ ವಾಸನೆಯೇನೋ ಮರೆಯಾದೀತು. ಆದರೆ ರಕ್ತ, ಜೊಲ್ಲು, ಮೂತ್ರ ಮತ್ತು ಕೂದಲಿನಲ್ಲಿ ಉಳಿಯುವ ಗುರುತು ಅಷ್ಟು ಸುಲಭವಾಗಿ ಅಳಿಸದು. ಆ ಗುರುತನ್ನು ಪತ್ತೆ ಹಚ್ಚುವುದು ಹೇಗೆ? ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ? ನೋಡೋಣ.

ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಹೊಗೆಯೊಡನೆ ಶ್ವಾಸಕೋಶ ಸೇರಿದರೆ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಆದರೆ ಅದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸುಮಾರು 2 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಅದನ್ನೇ ಹುಡುಕಿದರೆ ಮೊನ್ನೆ ಸೇದಿದವನು ಇಂದು ಸಿಕ್ಕುವುದಿಲ್ಲ. ಆದ್ದರಿಂದ ಪ್ರಯೋಗಾಲಯದವರು ಕೋಟಿನಿನ್ ಎಂಬ ವಸ್ತುವನ್ನು ಹುಡುಕುತ್ತಾರೆ. ನಮ್ಮ ಯಕೃತ್ತು ನಿಕೋಟಿನ್ನಿನ ಸುಮಾರು ಮುಕ್ಕಾಲು ಪಾಲನ್ನು ಕೋಟಿನಿನ್ ಆಗಿ ಮಾರ್ಪಡಿಸುತ್ತದೆ. ಇದು ಅರ್ಧಕ್ಕಿಳಿಯಲು ಸುಮಾರು 16 ಗಂಟೆ ಬೇಕು. ಲೆಕ್ಕ ಹಾಕಿ ನೋಡಿ: 16 ಗಂಟೆಗೆ ಅರ್ಧ, 32 ಗಂಟೆಗೆ ಕಾಲು, 48 ಗಂಟೆಗೆ ಎಂಟರಲ್ಲೊಂದು ಪಾಲು. ಎರಡು ದಿನ ಕಳೆದ ಮೇಲೂ ಸಾಕ್ಷಿ ಉಳಿದಿರುತ್ತದೆ! ಕೂದಲಿನಲ್ಲಂತೂ ತಿಂಗಳುಗಟ್ಟಲೆ ಇರುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಬುಡದ 3 ಸೆಂಟಿಮೀಟರ್ ಕೂದಲು ಕಳೆದ ಮೂರು ತಿಂಗಳ ಕತೆ ಹೇಳುತ್ತದೆ.

ಇನ್ನೊಂದು ಪರೀಕ್ಷೆ ಉಸಿರಿನದು. ಉಸಿರನ್ನು ಹಿಡಿದು ಪುಟ್ಟ ಯಂತ್ರದೊಳಕ್ಕೆ ಊದಿದರೆ, ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಮಾಣ ಕೂಡಲೇ ಗೊತ್ತಾಗುತ್ತದೆ. ಆದರೆ ತಂಬಾಕಿನಿಂದ ಈ ಅನಿಲ ಹುಟ್ಟುವುದು ಅದು ಉರಿದಾಗ ಮಾತ್ರ. ಕಡ್ಡಿಪುಡಿ, ಗುಟ್ಕಾ ಜಗಿಯುವವರಲ್ಲಿ ಉರಿಯುವುದೇನೂ ಇಲ್ಲ; ಅವರು ಈ ಯಂತ್ರಕ್ಕೆ ಸಿಕ್ಕುವುದಿಲ್ಲ. ಕೋಟಿನಿನ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ.

ಕೋಟಿನಿನ್ ಪರೀಕ್ಷೆಗೂ ಒಂದು ಮಿತಿಯಿದೆ. ಚಟ ಬಿಡಲೆಂದು ನಿಕೋಟಿನ್ ಪಟ್ಟಿ ಅಂಟಿಸಿಕೊಂಡವರಲ್ಲೂ, ನಿಕೋಟಿನ್ ಗಮ್ ಜಗಿಯುವವರಲ್ಲೂ ಕೋಟಿನಿನ್ ಕಾಣುತ್ತದೆ. ಆಗ ಮೂತ್ರದಲ್ಲಿ ಅನಾಬಸಿನ್ ಎಂಬ ಇನ್ನೊಂದು ವಸ್ತುವನ್ನು ನೋಡುತ್ತಾರೆ. ಅದು ಹೊಗೆಸೊಪ್ಪಿನಲ್ಲಿ ಇರುತ್ತದೆ, ಪಟ್ಟಿಯಲ್ಲಿ ಇರುವುದಿಲ್ಲ. ಬದನೆ, ಟೊಮೆಟೊಗಳಲ್ಲೂ ನಿಕೋಟಿನ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ಅತ್ಯಲ್ಪ. ಬದನೆಕಾಯಿ ಹುಳಿ ಉಂಡವರನ್ನು ಯಾವ ಪರೀಕ್ಷೆಯೂ ಧೂಮಪಾನಿಯೆಂದು ಹೇಳದು!

ಇನ್ನು ಮುಖ್ಯವಾದ ಮಾತು. ಅಮೆರಿಕದಲ್ಲಿ 1988ರಿಂದ 1991ರವರೆಗೆ ನಾಲ್ಕು ವರ್ಷ ಮತ್ತು ಮೇಲ್ಪಟ್ಟವರ ರಕ್ತವನ್ನು ಪರೀಕ್ಷಿಸಿದರು. ತಂಬಾಕನ್ನು ಬಳಸದವರಲ್ಲೇ 100ಕ್ಕೆ ಸುಮಾರು 88 ಮಂದಿಯ ರಕ್ತದಲ್ಲಿ ಕೋಟಿನಿನ್ ಇತ್ತು. ಸೇದುವವರಿಗೆ ಹೋಲಿಸಿದರೆ ಪ್ರಮಾಣ ಬಹಳ ಕಡಿಮೆ, ನಿಜ. ಆದರೆ ಅವರಾರೂ ಸಿಗರೇಟು ಮುಟ್ಟಿದವರಲ್ಲ. ಪಕ್ಕದವರು ಬಿಟ್ಟ ಹೊಗೆ ಅವರ ರಕ್ತಕ್ಕೆ ಇಳಿದಿತ್ತು. "ನಾನು ಸೇದಿದರೆ ನಿನಗೇನು?" ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೆ?

ಭಾರತದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ತಡೆಯುವ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ಆದರೆ ನಡುಮನೆಯಲ್ಲಿ ಕುಳಿತು ಬೀಡಿ ಹಚ್ಚುವವರನ್ನು ಆ ನಿಯಮ ತಡೆಯದು. ಅಲ್ಲೇ ಆಡುವ ನಿಮ್ಮ ತಂಗಿಯ ಪರವಾಗಿ ಮಾತಾಡಬೇಕಾದವರು ನೀವೇ.

ಇಂಥ ಪರೀಕ್ಷೆಗಳಿಂದ ರೋಗ ಬಂದಿದೆಯೇ ಎಂದು ತಿಳಿಯುವುದಿಲ್ಲ. ಯಾರನ್ನೋ ಅವಮಾನಿಸಲೂ ಅವು ಇರುವುದಲ್ಲ. ತಂಬಾಕು ಬಿಡುವವರಿಗೆ ಅವು ಧೈರ್ಯ ಕೊಡಬಲ್ಲವು: ಸೇದುವುದನ್ನು ನಿಲ್ಲಿಸಿದ ಒಂದೆರಡು ದಿನಗಳಲ್ಲೇ ಉಸಿರಿನ ಕಾರ್ಬನ್ ಮಾನಾಕ್ಸೈಡ್ ಸೇದದವರ ಮಟ್ಟಕ್ಕೆ ಇಳಿಯುತ್ತದೆ. ನಿಮ್ಮಲ್ಲಾಗಲೀ ನಿಮ್ಮ ಮನೆಯಲ್ಲಾಗಲೀ ಯಾರಾದರೂ ಬಿಡಬೇಕೆಂದಿದ್ದರೆ 1800 112 356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬಹುದು. ಕರೆಗೆ ಹಣ ತೆರಬೇಕಿಲ್ಲ.