ಪೆಟ್ಟಿಗೆಯೊಳಗಿನ ಅಚ್ಚುಗಳು

ಪುಷ್ಯಮಾಸದ ಚಳಿ ಬೆಂಗಳೂರಿನ ಮೇಲೆ ಇಳಿಯತೊಡಗಿದಾಗ ಗಾಂಧಿಬಜಾರಿನ, ಮಲ್ಲೇಶ್ವರದ ಅಂಗಡಿಬೀದಿಗಳಲ್ಲಿ ಒಂದು ಬಗೆಯ ಸಡಗರ ಮೂಡುತ್ತದೆ. ಕಬ್ಬಿನ ಜಲ್ಲೆಗಳು ಗೋಡೆಗೊರಗಿ ನಿಲ್ಲುತ್ತವೆ. ಅವರೆಕಾಯಿಯ ಸೊಗಡು ಗಾಳಿಯಲ್ಲಿ ಹರಡುತ್ತದೆ. ಎಲಚಿಹಣ್ಣು, ಗೆಣಸು, ಕಡಲೆಕಾಯಿ ರಾಶಿರಾಶಿಯಾಗಿ ಬಂದು ಬೀಳುತ್ತವೆ. ಇವುಗಳ ನಡುವೆ ಇನ್ನೊಂದು ಸರಕೂ ಇರುತ್ತದೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆಗಳನ್ನು ಬೆರೆಸಿ, ತೂಗಿ ಕಟ್ಟಿದ ಪೊಟ್ಟಣ. ಪಕ್ಕದಲ್ಲಿಯೇ ಸಕ್ಕರೆ ಅಚ್ಚಿನ ಪೆಟ್ಟಿಗೆ. ಹಣ ಕೊಟ್ಟು ಚೀಲಕ್ಕೆ ಹಾಕಿಕೊಂಡರಾಯಿತು, ಸಂಕ್ರಾಂತಿಯ ಸಿದ್ಧತೆ ಐದು ನಿಮಿಷದಲ್ಲಿ ಮುಗಿಯುತ್ತದೆ.

ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮನೆಯ ಇಬ್ಬರೂ ದುಡಿಯಲು ಹೊರಡುವ ನಗರದಲ್ಲಿ ಸಮಯವೆಂಬುದು ಬೆಲ್ಲಕ್ಕಿಂತ ದುಬಾರಿ. ಆದರೂ ಆ ಐದು ನಿಮಿಷದ ವ್ಯಾಪಾರದಲ್ಲಿ ನಾವು ಉಳಿಸಿದ್ದೇನು, ಕಳೆದುಕೊಂಡದ್ದೇನು ಎಂಬ ಲೆಕ್ಕವನ್ನು ಒಮ್ಮೆಯಾದರೂ ಹಾಕಿ ನೋಡುವುದು ಒಳ್ಳೆಯದು.

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಈ ಸಿದ್ಧತೆಗೆ ಹದಿನೈದು ದಿನಗಳಾದರೂ ಬೇಕಾಗುತ್ತಿದ್ದವು. ಒಣಕೊಬ್ಬರಿಯ ಕಂದು ಸಿಪ್ಪೆಯನ್ನು ಹೆರೆದು, ಬಿಳಿಯ ಭಾಗವನ್ನು ಮಾತ್ರ ಸಣ್ಣ ಹೋಳುಗಳಾಗಿ ಕೊಯ್ಯಬೇಕು. ಅಚ್ಚುಬೆಲ್ಲವನ್ನು ಪುಡಿಯಾಗದಂತೆ, ಕಡಲೆಯಷ್ಟೇ ಗಾತ್ರಕ್ಕೆ ಕತ್ತರಿಸಬೇಕು. ಎರಡನ್ನೂ ಬಿಸಿಲಿಗೆ ಹರಡಬೇಕು. ಕಡಲೆಬೀಜವನ್ನು ಹುರಿದು, ಸಿಪ್ಪೆ ಉಜ್ಜಿ, ಎರಡು ಹೋಳು ಮಾಡಬೇಕು. ಬಿಳಿ ಎಳ್ಳನ್ನು ಹದವಾಗಿ ಬೆಚ್ಚಗೆ ಮಾಡಬೇಕು. ಇದರಲ್ಲಿ ಕಠಿಣವಾದ ಕೆಲಸ ಯಾವುದೂ ಇಲ್ಲ. ಒಬ್ಬರೇ ಮಾಡಿದರೆ ಬೇಸರ ತರುವ ಕೆಲಸವಂತೂ ಎಲ್ಲವೂ ಹೌದು. ಆದ್ದರಿಂದಲೇ ಅತ್ತೆ, ಸೊಸೆ, ಮಕ್ಕಳು, ನೆರೆಯವರು ಸುತ್ತ ಕುಳಿತುಕೊಳ್ಳುತ್ತಿದ್ದರು. ಕೈ ಕೆಲಸ ಮಾಡುತ್ತಿರುವಾಗ ಬಾಯಿ ತಾನಾಗಿ ಮಾತಿಗೆ ತೊಡಗುತ್ತದೆ.

ಎಳ್ಳಿನ ಘನತೆಗೆ ನಮ್ಮ ಭಾಷೆಯೇ ಸಾಕ್ಷಿ. ‘ಎಣ್ಣೆ’ ಎಂಬ ಶಬ್ದವು ‘ಎಳ್’ ಮತ್ತು ‘ನೆಯ್’ ಸೇರಿ ಆದದ್ದು. ಎಂದರೆ ಎಳ್ಳಿನ ಜಿಡ್ಡು. ಇಂದು ಯಾವ ಬೀಜದಿಂದ ತೆಗೆದರೂ ಎಣ್ಣೆಯೆಂದೇ ಕರೆಯುತ್ತೇವೆ. ಎಳ್ಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುವುದರಿಂದ, ಚಳಿಗೆ ಒಣಗಿದ ದೇಹಕ್ಕೆ ಅದು ಹಿತಕರವೆಂದು ಹಿರಿಯರು ಕಂಡುಕೊಂಡದ್ದು ಸಹಜವೇ ಆಗಿದೆ. ಉತ್ತರ ಕರ್ನಾಟಕದಲ್ಲಿ ಇದೇ ಎಳ್ಳು ಕುಸುರೆಳ್ಳಾಗುತ್ತದೆ. ಅಗಲವಾದ ಪರಾತದಲ್ಲಿ ಎಳ್ಳನ್ನು ಹರಡಿ, ಸಣ್ಣ ಕೆಂಡದ ಮೇಲಿಟ್ಟು, ಚಮಚ ಚಮಚವಾಗಿ ಸಕ್ಕರೆಯ ಪಾಕ ಬಿಡುತ್ತ, ಕೈಯಿಂದ ಹೊರಳಿಸುತ್ತ ಕುಳಿತರೆ ಗಂಟೆಗಟ್ಟಲೆ ಆದ ಮೇಲೆ ಒಂದೊಂದು ಕಾಳಿನ ಮೈಮೇಲೂ ಬಿಳಿಯ ಮುಳ್ಳುಗಳೇಳುತ್ತವೆ. ಅವಸರದವರಿಗೆ ಆ ಮುಳ್ಳು ಏಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಸಂಕ್ರಾಂತಿಗೆ ಮುನ್ನ ಬೆಂಗಳೂರಿನ ಆಪ್ತರೊಬ್ಬರ ಮನೆಯಲ್ಲಿ ಒಂದು ವಾರ ತಂಗಿದ್ದೆ. ನಾಲ್ಕನೆಯ ಅಂತಸ್ತಿನ ಮನೆ. ಅವರ ವೃದ್ಧ ತಾಯಿ, ಪತಿ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಮಗನ ಬಳಿಗೆ ಬಂದಿದ್ದರು. ಅಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಮಾಡಲು ಕೆಲಸ ಮಾತ್ರ ಇರಲಿಲ್ಲ. ದಿನವೆಲ್ಲ ಕಿಟಕಿಯ ಬಳಿ ಕುಳಿತಿರುತ್ತಿದ್ದರು. ಕೇಳಿದ್ದಕ್ಕೆ ಒಂದು ಮಾತು, ಆಮೇಲೆ ಮೌನ. ನಾನು ಬಲ್ಲ ಸಮಾಧಾನದ ಮಾತುಗಳನ್ನೆಲ್ಲ ಹೇಳಿದೆ. ಅವರು ತಲೆಯಾಡಿಸಿದರು, ಅಷ್ಟೆ.

ಒಂದು ಸಂಜೆ ಮೊಮ್ಮಗಳು ಅಜ್ಜಿಯ ಕಬ್ಬಿಣದ ಪೆಟ್ಟಿಗೆಯಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಗಂಟೊಂದನ್ನು ಎಳೆದು ತಂದಳು. ಒಳಗೆ ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳು: ಆನೆ, ಗಿಳಿ, ಮೀನು, ಬೃಂದಾವನ. ಆಟದ ಸಾಮಾನೆಂದು ಅವಳು ತಿಳಿದಿದ್ದಳು. ವಿಷಯ ತಿಳಿದ ಮೇಲೆ ತಾಯಿಯನ್ನು ಬಿಡಲಿಲ್ಲ. ಆ ಗೃಹಿಣಿ ಸಕ್ಕರೆ ಕಾಯಿಸಿ, ಅಚ್ಚಿಗೆ ಹೊಯ್ದು, ಬಿಚ್ಚಿ ನೋಡಿದರೆ ಆನೆಯ ಸೊಂಡಿಲೂ ಕಾಲುಗಳೂ ಮರಕ್ಕೇ ಅಂಟಿಕೊಂಡು ಉಳಿದವು. ಆಗ ಕಿಟಕಿಯ ಬಳಿಯಿಂದ ನಗು ಕೇಳಿಸಿತು. “ಒಣಮರಕ್ಕೆ ಬಾಯಾರಿಕೆ ಹೆಚ್ಚಮ್ಮ, ಮೊದಲು ಅದಕ್ಕೆ ನೀರು ಕುಡಿಸಬೇಕು” ಎಂದರು ಆ ತಾಯಿ. ಆ ವಾರದಲ್ಲಿ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ಅಚ್ಚುಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಲಾಯಿತು. ಮರುದಿನ ಅವರೇ ಒಲೆಯ ಮುಂದೆ ನಿಂತರು. ಎರಡು ಬಟ್ಟಲು ಸಕ್ಕರೆಗೆ ಒಂದು ಬಟ್ಟಲು ನೀರು. ಕುದಿ ಬಂದಾಗ ಎರಡು ಚಮಚ ಹಾಲು. ಮೇಲೆ ಬಂದ ಕೊಳೆಯನ್ನು ತೆಗೆದು ತೆಳುಬಟ್ಟೆಯಲ್ಲಿ ಶೋಧಿಸಿದರು. ಅದರಲ್ಲಿ ಸ್ವಲ್ಪವನ್ನು ಮಾತ್ರ ಚಿಕ್ಕ ಪಾತ್ರೆಗೆ ತೆಗೆದುಕೊಂಡು, ಎಳೆಪಾಕಕ್ಕೆ ಬಂದೊಡನೆ ಇಳಿಸಿ, ಬಿಡದೆ ತಿರುವಿದರು. ತಿಳಿಯಾಗಿದ್ದ ಪಾಕವು ಹಾಲಿನಂತೆ ಬೆಳ್ಳಗಾಗತೊಡಗಿದ ಕ್ಷಣದಲ್ಲಿ, ದಾರದಿಂದ ಬಿಗಿದಿದ್ದ ಅಚ್ಚಿಗೆ ಸುರಿದರು. ಕೆಲವೇ ನಿಮಿಷಗಳಲ್ಲಿ ಸೊಂಡಿಲು ಮುರಿಯದ ಆನೆ ತಟ್ಟೆಯ ಮೇಲೆ ನಿಂತಿತು.

ಇದರ ಕಾರಣವನ್ನು ವಿಜ್ಞಾನದ ಪುಸ್ತಕಗಳೂ ಹೇಳುತ್ತವೆ. 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಂಡರೆ, ಕುದಿಯುವ ನೀರು ಅದರ ಎರಡು ಪಟ್ಟಿಗೂ ಮಿಕ್ಕಿ ಕರಗಿಸಿಕೊಳ್ಳುತ್ತದೆ. ಆರುವಾಗ ಆ ಹೆಚ್ಚಿನ ಸಕ್ಕರೆ ನೀರಿನಲ್ಲಿ ನಿಲ್ಲಲಾರದು. ತಿರುವಿದಾಗ ಒಮ್ಮೆಲೇ ಸೂಕ್ಷ್ಮ ಹರಳುಗಳಾಗಿ ಬಿಳಿದಾಗುತ್ತದೆ. ನೆನೆದ ಮರವು ಪಾಕವನ್ನು ಹೀರುವುದಿಲ್ಲ, ಆದ್ದರಿಂದ ಅಂಟುವುದಿಲ್ಲ. ಆ ತಾಯಿ ಈ ಪುಸ್ತಕಗಳನ್ನು ಓದಿರಲಿಲ್ಲ. ಆದರೆ ಪಾಕದ ಬಣ್ಣ ತಿರುಗುವ ಆ ಒಂದು ಗಳಿಗೆಯನ್ನು ಅವರ ಕಣ್ಣು ಬಲ್ಲುದಾಗಿತ್ತು.

ಅಂದು ಮಧ್ಯಾಹ್ನವೆಲ್ಲ ಅವರು ಮಾತನಾಡಿದರು: ತವರಿನ ಅಂಗಳ, ಮದುವೆಯಾದ ವರ್ಷದ ಸಂಕ್ರಾಂತಿ, ತೀರಿಕೊಂಡ ಪತಿಯು ಬೆಲ್ಲ ಕತ್ತರಿಸುವಾಗ ಅರ್ಧವನ್ನು ಬಾಯಿಗೇ ಹಾಕಿಕೊಳ್ಳುತ್ತಿದ್ದ ಸಂಗತಿ. ಹೇಳುತ್ತ ಹೇಳುತ್ತ ಅತ್ತರು, ಮತ್ತೆ ನಕ್ಕರು. ಹಬ್ಬದ ಸಂಜೆ ಮೊಮ್ಮಗಳ ಕೈ ಹಿಡಿದು ಆ ಕಟ್ಟಡದ ಮನೆಮನೆಗೂ ಎಳ್ಳು ಬೀರಲು ಹೋದರು. ಎದುರುಮನೆಯವರ ಹೆಸರು ಅವರಿಗೆ ತಿಳಿದದ್ದು ಅಂದೇ. ನನ್ನ ಅಷ್ಟು ವರ್ಷಗಳ ಓದು ಮಾಡಲಾರದ ಕೆಲಸವನ್ನು ಅಂಗೈಯಗಲದ ಮರದ ಆನೆಯೊಂದು ಮಾಡಿತು.

ಅಂದಿನಿಂದ ನಾನು ಹೋದ ಮನೆಗಳಲ್ಲಿ ಒಂದು ಮಾತನ್ನು ತಪ್ಪದೆ ಹೇಳುತ್ತೇನೆ. ಎಲ್ಲವನ್ನೂ ಮನೆಯಲ್ಲಿಯೇ ಮಾಡಬೇಕೆಂದಿಲ್ಲ, ಒಂದನ್ನಾದರೂ ಮಾಡಿರಿ. ಬೆಲ್ಲವನ್ನಷ್ಟೇ ಕತ್ತರಿಸಿರಿ, ಅಥವಾ ಭಾನುವಾರ ಎಲ್ಲರೂ ಕುಳಿತು ಒಂದು ಸೇರು ಅವರೆಕಾಯಿ ಸುಲಿಯಿರಿ. ಹೋಳುಗಳು ಸಮನಾಗಿಲ್ಲದಿದ್ದರೆ ಚಿಂತೆಯಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ನೋಡುತ್ತ ಕೂರಿಸಬೇಡಿರಿ. ಚಾಕುವನ್ನೋ ಮೊರವನ್ನೋ ಅವರ ಕೈಗೆ ಕೊಟ್ಟು, ಹದ ಹೇಳಿಕೊಡಿರೆಂದು ಕೇಳಿರಿ.

ಆ ತಾಯಿ ಈಗ ಇಲ್ಲ. ಆದರೆ ಪ್ರತಿ ವರ್ಷ ಜನವರಿಯಲ್ಲಿ ಅವರ ಮೊಮ್ಮಗಳಿಂದ ನನಗೊಂದು ಚಿಕ್ಕ ಡಬ್ಬಿ ತಲಪುತ್ತದೆ. ದಾರಿಯ ಕುಲುಕಾಟದಲ್ಲಿ ಆನೆಯ ಸೊಂಡಿಲು ಒಮ್ಮೊಮ್ಮೆ ಮುರಿದಿರುತ್ತದೆ. ಅದನ್ನು ಮೊದಲು ಬಾಯಿಗೆ ಹಾಕಿಕೊಳ್ಳುತ್ತೇನೆ.