ಅಕ್ಷರ ಹಿಗ್ಗಲಿ, ಓದು ಉಳಿಯಲಿ

ಓದುವ ಆಸೆ ಇದ್ದೂ ಓದು ಕೈಬಿಟ್ಟವರು ನಮ್ಮ ಸುತ್ತ ಬಹಳ ಮಂದಿ ಇದ್ದಾರೆ. ನಲವತ್ತು ದಾಟುತ್ತಿದ್ದಂತೆ ಕಣ್ಣಿನ ಮಸೂರ ಬಿಗಿಯಾಗುತ್ತದೆ; ಹತ್ತಿರದ ಸಣ್ಣ ಅಕ್ಷರ ಮಸುಕಾಗಿ ಚಾಳೀಸು ಬೇಕಾಗುತ್ತದೆ. ಅರವತ್ತರ ಆಚೆಗೆ ಕಣ್ಣಿನ ಪೊರೆಯೂ ಬರಬಹುದು, ದಪ್ಪ ಪುಸ್ತಕ ಹಿಡಿದಿರಲು ಮಣಿಕಟ್ಟೂ ಸೋಲಬಹುದು. ಕನ್ನಡ ಲಿಪಿಗೆ ಇಲ್ಲೊಂದು ವಿಶೇಷ ಕಷ್ಟವಿದೆ. ಒಂದೇ ಅಕ್ಷರದ ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತು ಬಂದು ಕೂರುವ ಲಿಪಿ ಇದು. ಪುಟ ಉಳಿಸಲೆಂದು ಅಚ್ಚನ್ನು ಸಣ್ಣದು ಮಾಡಿದಾಗ ಮೊದಲು ಕಣ್ತಪ್ಪುವುದು ಆ ಒತ್ತೇ. ಆದ್ದರಿಂದ ಇ-ಪುಸ್ತಕ ಓದುವ ಸಾಧನವಾದ ಇ-ರೀಡರ್‌ನ ಗುಣವನ್ನು ಅದರಲ್ಲಿ ಎಷ್ಟು ಸಾವಿರ ಪುಸ್ತಕ ಹಿಡಿಯುತ್ತದೆ ಎಂಬುದರಿಂದ ಅಳೆಯಬೇಕಿಲ್ಲ. ಅಕ್ಷರ ಎಷ್ಟು ದೊಡ್ಡದಿರಬೇಕು, ಸಾಲುಗಳ ನಡುವೆ ಎಷ್ಟು ಜಾಗವಿರಬೇಕು ಎಂಬ ತೀರ್ಮಾನ ಅಚ್ಚುಕೂಟದಿಂದ ಓದುಗರ ಕೈಗೆ ಬಂದದ್ದೇ ಅದರ ದೊಡ್ಡ ಕೊಡುಗೆ. ಆದರೆ ಈ ಕೊಡುಗೆ ಕನ್ನಡಿಗರಿಗೆ ಪೂರ್ತಿ ದಕ್ಕಬೇಕಾದರೆ ಸಾಧನ ಕೊಂಡರಷ್ಟೇ ಸಾಲದು, ಕನ್ನಡ ಪುಸ್ತಕಗಳೂ ಅದಕ್ಕೆ ಒಗ್ಗುವ ರೂಪದಲ್ಲಿ ಹೊರಬರಬೇಕು ಎಂಬುದು ಈ ಲೇಖನದ ವಾದ.

ಮೊದಲು ಸಾಧನ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ಇದರ ಪರದೆಯನ್ನು ಇ-ಇಂಕ್ ಎನ್ನುತ್ತಾರೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ನಡೆದ ಸಂಶೋಧನೆಯಿಂದ ಹುಟ್ಟಿ, 1997ರಲ್ಲಿ ಕಂಪನಿಯಾಗಿ ರೂಪುಗೊಂಡ ತಂತ್ರಜ್ಞಾನ ಇದು. ಪರದೆಯೊಳಗೆ ಕೂದಲೆಳೆಯಷ್ಟೇ ದಪ್ಪದ ಲಕ್ಷಾಂತರ ಗುಳಿಗೆಗಳಿರುತ್ತವೆ. ಪ್ರತಿಯೊಂದರಲ್ಲೂ ವಿರುದ್ಧ ವಿದ್ಯುದಾವೇಶದ ಕಪ್ಪು ಮತ್ತು ಬಿಳಿ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ ಹಾಯಿಸಿದಾಗ ಒಂದು ಬಣ್ಣದ ಕಣಗಳು ಮೇಲಕ್ಕೆ ಬರುತ್ತವೆ, ಇನ್ನೊಂದು ಬಣ್ಣದವು ತಳಕ್ಕೆ ಇಳಿಯುತ್ತವೆ. ಹೀಗೆ ಮೂಡಿದ ಪುಟ ವಿದ್ಯುತ್ ನಿಂತರೂ ಅಳಿಯುವುದಿಲ್ಲ. ಪುಟ ತಿರುವುವಾಗ ಮಾತ್ರ ಪರದೆಗೆ ಶಕ್ತಿ ಬೇಕು. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವುದು ಇದೇ ಕಾರಣಕ್ಕೆ. ಫೋನಿನ ಪರದೆ ತಾನೇ ಬೆಳಕು ಸೂಸಿ ಕಣ್ಣಿಗೆ ಎಸೆಯುತ್ತದೆ. ಇ-ಇಂಕ್ ಪರದೆ ತನ್ನ ಮೇಲೆ ಬಿದ್ದ ಬೆಳಕನ್ನು ಕಾಗದದಂತೆ ಹಿಂದಿರುಗಿಸುತ್ತದೆ. ಹಾಗಾಗಿ ಮಟಮಟ ಮಧ್ಯಾಹ್ನದ ಬಿಸಿಲಿನಲ್ಲೂ ಅಕ್ಷರ ನಿಚ್ಚಳವಾಗಿ ಕಾಣುತ್ತದೆ. ಇಂಥ ಪರದೆಯ ಮೊದಲ ಸಾಧನವನ್ನು ಸೋನಿ ಕಂಪನಿ 2004ರಲ್ಲಿ ಜಪಾನಿನಲ್ಲಿ ಮಾರಿತು. 2007ರ ನವೆಂಬರಿನಲ್ಲಿ ಬಂದ ಅಮೆಜಾನ್‌ನ ಕಿಂಡಲ್ ಅದನ್ನು ಜನಸಾಮಾನ್ಯರ ವಸ್ತುವಾಗಿಸಿತು.

ದಿನನಿತ್ಯದಲ್ಲಿ ಇದರ ಉಪಯೋಗ ಹಲವು ಬಗೆ. ಆರಿಂಚು ಪರದೆಯ ಸಾಧನ ಸುಮಾರು ಇನ್ನೂರು ಗ್ರಾಂ ಒಳಗೇ ತೂಗುತ್ತದೆ. ಏಳುನೂರು ಪುಟದ ಕಾದಂಬರಿಯನ್ನೂ ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿದು ಓದಬಹುದು. ರಾತ್ರಿ ಪಕ್ಕದವರ ನಿದ್ದೆ ಕೆಡಿಸದೆ ಪರದೆಯ ಅಂಚಿನ ಮಂದ ದೀಪದಲ್ಲಿ ಓದಬಹುದು. ರೈಲಿನಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಕಾಯುವ ಬೆಂಚಿನ ಮೇಲೆ ನಿಲ್ಲಿಸಿದ ಸಾಲಿನಿಂದಲೇ ಓದು ಮುಂದುವರಿಯುತ್ತದೆ. ಜಾಲದಲ್ಲಿ ಕಂಡ ಉದ್ದದ ಲೇಖನವನ್ನು ಸಾಧನಕ್ಕೆ ಕಳಿಸಿಟ್ಟು ಬಿಡುವಾದಾಗ ನಿಧಾನವಾಗಿ ಓದಬಹುದು. ವಿದ್ಯಾರ್ಥಿಗಳು ಸಾಲುಗಳನ್ನು ಗುರುತುಮಾಡಿ, ಟಿಪ್ಪಣಿ ಸೇರಿಸಿ, ಕೊನೆಗೆ ಎಲ್ಲವನ್ನೂ ಒಂದೆಡೆ ತೆಗೆದು ನೋಡಬಹುದು. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ನೆಲೆಸಿದ ಕನ್ನಡಿಗರಿಗೆ ಊರಿನಿಂದ ಪುಸ್ತಕ ಬರಲು ತಗಲುವ ಅಂಚೆ ವೆಚ್ಚ ಎಷ್ಟೋ ಸಲ ಪುಸ್ತಕದ ಬೆಲೆಯನ್ನೇ ಮೀರುತ್ತದೆ. ಇ-ಪುಸ್ತಕ ಆ ದೂರವನ್ನು ಇಲ್ಲವಾಗಿಸುತ್ತದೆ.

ಇದನ್ನೆಲ್ಲ ಫೋನೇ ಮಾಡುತ್ತದಲ್ಲ, ಇನ್ನೊಂದು ಸಾಧನ ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ಉತ್ತರ ಇ-ರೀಡರ್‌ನ ಮಿತಿಯಲ್ಲೇ ಇದೆ. ಇದರಲ್ಲಿ ಕರೆ ಬರುವುದಿಲ್ಲ, ವಾಟ್ಸಾಪ್ ಸದ್ದು ಮಾಡುವುದಿಲ್ಲ. ಪರದೆ ನಿಧಾನವಾದ್ದರಿಂದ ವಿಡಿಯೋ ನೋಡಲೂ ಒಗ್ಗುವುದಿಲ್ಲ. ಕಾದಂಬರಿಯಂಥ ಉದ್ದದ ಬರಹಕ್ಕೆ ಬೇಕಾದದ್ದು ಅಡ್ಡಿಯಿಲ್ಲದ ಅರ್ಧ ಗಂಟೆ. ಫೋನು ಎಷ್ಟೇ ಚೆನ್ನಾಗಿದ್ದರೂ ಅದನ್ನು ಕೊಡುವುದು ಕಷ್ಟ. ಇನ್ನು ನಿದ್ದೆಯ ಮಾತು. ಅಮೆರಿಕದ ಬಾಸ್ಟನ್ ನಗರದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಮಲಗುವ ಮುನ್ನ ಬೆಳಕು ಸೂಸುವ ಪರದೆಯಲ್ಲಿ ಓದಿದವರಿಗೆ ಅಚ್ಚಿನ ಪುಸ್ತಕ ಓದಿದಾಗಿನದಕ್ಕಿಂತ ಸರಾಸರಿ ಹತ್ತು ನಿಮಿಷ ತಡವಾಗಿ ನಿದ್ದೆ ಹತ್ತಿತು. ಇದನ್ನು ಇ-ರೀಡರ್ ವಿರುದ್ಧದ ಸಾಕ್ಷಿಯಾಗಿ ಹೇಳುವುದುಂಟು. ಆದರೆ ಹನ್ನೆರಡು ಜನರ ಆ ಅಧ್ಯಯನದಲ್ಲಿ ಬಳಸಿದ್ದು ಐಪ್ಯಾಡ್, ಅದೂ ಪೂರ್ತಿ ಬೆಳಕಿನಲ್ಲಿ. ಇ-ಇಂಕ್ ಸಾಧನದ ದೀಪವನ್ನು ತೀರ ತಗ್ಗಿಸಬಹುದು, ಪೂರ್ತಿ ಆರಿಸಿ ಮೇಜಿನ ದೀಪದಲ್ಲೂ ಓದಬಹುದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಓದಿದ್ದು ಮನಸ್ಸಿನಲ್ಲಿ ನಿಲ್ಲುವ ಬಗ್ಗೆ. 2018ರಲ್ಲಿ ಪ್ರಕಟವಾದ, ಐವತ್ತನಾಲ್ಕು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ಪರದೆಗಿಂತ ಕಾಗದದ ಮೇಲೆ ಓದಿದ್ದು ಚೆನ್ನಾಗಿ ಅರ್ಥವಾಗುತ್ತದೆ ಎಂದಿತು. ಆದರೆ ಈ ವ್ಯತ್ಯಾಸ ಮಾಹಿತಿ ತುಂಬಿದ ಪಠ್ಯದಲ್ಲಿ ಕಂಡಿತು, ಕಥನದಲ್ಲಿ ಕಾಣಲಿಲ್ಲ. ಮರುವರ್ಷ ನಾರ್ವೆಯ ಸಂಶೋಧಕಿ ಆನ್ನೆ ಮಾಂಗೆನ್ ಮತ್ತು ಸಂಗಡಿಗರು ಐವತ್ತು ಜನರಿಗೆ ಒಂದೇ ಕಥೆ ಕೊಟ್ಟು, ಅರ್ಧ ಜನರಿಂದ ಪುಸ್ತಕದಲ್ಲಿ, ಅರ್ಧ ಜನರಿಂದ ಕಿಂಡಲ್‌ನಲ್ಲಿ ಓದಿಸಿದರು. ಹೆಚ್ಚಿನ ಪರೀಕ್ಷೆಗಳಲ್ಲಿ ಎರಡೂ ಗುಂಪು ಸಮನಾಗಿದ್ದವು. ಯಾವ ಘಟನೆ ಯಾವುದರ ನಂತರ ನಡೆಯಿತು ಎಂಬ ಕ್ರಮ ಹೇಳುವುದರಲ್ಲಿ ಮಾತ್ರ ಪುಸ್ತಕ ಓದಿದವರು ಮುಂದಿದ್ದರು. ಎಡಗೈಯಲ್ಲಿ ಓದಿದ ಪುಟ, ಬಲಗೈಯಲ್ಲಿ ಉಳಿದ ಪುಟ ದಪ್ಪವಾಗಿ ತಾಗುತ್ತಿದ್ದರೆ ಕಥೆಯಲ್ಲಿ ಎಲ್ಲಿದ್ದೇವೆಂದು ದೇಹಕ್ಕೂ ತಿಳಿಯುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಇದರಿಂದ ತಿಳಿಯುವುದಿಷ್ಟು: ಪರೀಕ್ಷೆಗೆ ಓದುವ ಪಠ್ಯಪುಸ್ತಕ, ಹಿಂದೆ ಮುಂದೆ ತಿರುವುವ ಆಕರಗ್ರಂಥ, ಚಿತ್ರಗಳಿರುವ ಮಕ್ಕಳ ಪುಸ್ತಕ ಕಾಗದದಲ್ಲೇ ಇರಲಿ. ಮೊದಲ ಪುಟದಿಂದ ಕೊನೆಯವರೆಗೆ ಓದಿಸಿಕೊಂಡು ಹೋಗುವ ಕಥೆ, ಕಾದಂಬರಿ, ಆತ್ಮಕಥೆ, ಪ್ರಬಂಧಗಳಿಗೆ ಇ-ರೀಡರ್ ಸಲ್ಲುತ್ತದೆ. ಅಕ್ಷರವೇ ಕಾಣದೆ ಪುಸ್ತಕ ಮುಚ್ಚಿಟ್ಟವರಿಗಂತೂ ಈ ಹೋಲಿಕೆ ಅನ್ವಯಿಸುವುದೇ ಇಲ್ಲ. ಅವರ ಮುಂದಿರುವ ಆಯ್ಕೆ ಕಾಗದವೋ ಪರದೆಯೋ ಎಂಬುದಲ್ಲ, ಓದೋ ಓದಿಲ್ಲದಿರುವುದೋ ಎಂಬುದು.

ಇಷ್ಟು ಒಪ್ಪಿ ಸಾಧನ ಕೊಂಡ ಕನ್ನಡಿಗರಿಗೆ ನಿಜವಾದ ತೊಡಕು ಎದುರಾಗುವುದು ಪುಸ್ತಕ ಹುಡುಕುವಾಗ. ಜಾಲದಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು, ಅಂದರೆ ಪುಟಗಳ ಫೋಟೋಗಳು. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಹೋಗುತ್ತದೆ. ಪ್ರತಿ ಸಾಲಿಗೂ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯಬೇಕು. ಪದ ಹುಡುಕಲಾಗದು, ನಿಘಂಟು ತೆರೆಯದು, ಕಣ್ಣಿಲ್ಲದವರಿಗೆ ಯಂತ್ರದಿಂದ ಓದಿಸಲಾಗದು. ಇಪಬ್ ರೂಪದ ಪುಸ್ತಕದಲ್ಲಾದರೆ ಪಠ್ಯ ಪಠ್ಯವಾಗಿಯೇ ಇರುತ್ತದೆ. ಅಕ್ಷರ ಎಷ್ಟೇ ಹಿಗ್ಗಲಿ, ಸಾಲು ತಾನಾಗಿ ಮುರಿದು ಪರದೆಯೊಳಗೇ ಹೊಂದಿಕೊಳ್ಳುತ್ತದೆ. ಇದಕ್ಕೆ ಪಠ್ಯ ಯೂನಿಕೋಡ್ ಎಂಬ ಏಕರೂಪದ ಅಕ್ಷರ ಸಂಕೇತದಲ್ಲಿರಬೇಕು. ಕನ್ನಡ ಪುಸ್ತಕೋದ್ಯಮ ದಶಕಗಳ ಕಾಲ ಡಿಟಿಪಿಗೆ ಬಳಸಿದ್ದು ಯೂನಿಕೋಡ್ ಅಲ್ಲದ ಫಾಂಟುಗಳನ್ನು. ಆ ಕಡತಗಳನ್ನು ಪರಿವರ್ತಕ ತಂತ್ರಾಂಶಕ್ಕೆ ಕೊಟ್ಟು, ಆಮೇಲೆ ಒತ್ತು, ಅರ್ಕಾವತ್ತು ಸರಿಯಾಗಿವೆಯೇ ಎಂದು ಮನುಷ್ಯರೇ ಕರಡು ತಿದ್ದಬೇಕು. ಆ ಕೆಲಸಕ್ಕೆ ಹಣ ಬೇಕು, ಸಮಯ ಬೇಕು. ಹಾಗಾಗಿ ಅದು ಹಿಂದೆ ಬಿದ್ದಿದೆ. ಮಾರುಕಟ್ಟೆಯೂ ಮೊದಲಿಗೆ ಕೈ ಹಿಡಿಯಲಿಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇ-ಪುಸ್ತಕಗಳನ್ನು ಕಿಂಡಲ್‌ಗೆ ತಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಮೈಲ್ಯಾಂಗ್‌ನಂಥ ಕನ್ನಡದವರದೇ ಆಪ್‌ಗಳು ಆ ಕೊರತೆಯನ್ನು ಒಂದಷ್ಟು ತುಂಬಿವೆ. ಆಪ್ ಹಾಕಿಕೊಳ್ಳಲು ಬರುವ ಆಂಡ್ರಾಯ್ಡ್ ಇ-ರೀಡರ್ ಕೊಂಡರೆ ಇಂಥವುಗಳನ್ನು ಇ-ಇಂಕ್ ಪರದೆಯಲ್ಲೇ ಓದುವ ದಾರಿಯೂ ತೆರೆದೀತು. ಆದ್ದರಿಂದ ಕೊಳ್ಳುವ ಮುನ್ನ ಒಂದು ಕನ್ನಡ ಇಪಬ್ ಹಾಕಿ, ಒತ್ತಕ್ಷರಗಳು ಮುರಿಯದೆ ಮೂಡುತ್ತವೆಯೇ ಎಂದು ನೋಡುವುದು ಬಹಳ ಮುಖ್ಯ.

ಉಚಿತವಾಗಿ, ಕಾನೂನಿನ ಒಳಗೇ ಸಿಗಬೇಕಾದ ಸಂಪತ್ತೂ ನಮ್ಮಲ್ಲಿದೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಕಳೆದರೆ ಕೃತಿ ಎಲ್ಲರ ಸ್ವತ್ತಾಗುತ್ತದೆ. ಗುಲ್ವಾಡಿ ವೆಂಕಟರಾಯರ 1899ರ ‘ಇಂದಿರಾಬಾಯಿ’, ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’, ಗಳಗನಾಥರ ಐತಿಹಾಸಿಕ ಕಾದಂಬರಿಗಳು, ಕೊಡಗಿನ ಗೌರಮ್ಮನವರ ಕಥೆಗಳು, ಪಂಜೆ ಮಂಗೇಶರಾಯರ ಬರಹಗಳು ಇಂದು ಯಾರಪ್ಪಣೆಯೂ ಇಲ್ಲದೆ ಇ-ಪುಸ್ತಕವಾಗಬಹುದು. ಕನ್ನಡ ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರು ಹಳೆಯ ಪುಟಗಳನ್ನು ಬೆರಳಚ್ಚಿಸಿ, ತಿದ್ದಿ ಇಡುತ್ತಿದ್ದಾರೆ. ಅಲ್ಲಿಂದ ಇಪಬ್ ಇಳಿಸಿಕೊಳ್ಳಬಹುದು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತವಾಗಿ ಎಲ್ಲರಿಗೂ ಸಿಕ್ಕಿತು. ಪದದ ಮೇಲೆ ಬೆರಳಿಟ್ಟರೆ ಅರ್ಥ ತೋರುವ ಸೌಲಭ್ಯಕ್ಕೆ ಬೇಕಾದ ಸಾಮಗ್ರಿ ಕನ್ನಡದಲ್ಲಿ ಸಿದ್ಧವಾಗಿದೆ ಎಂಬುದಕ್ಕೆ ಇದೇ ಸಾಕ್ಷಿ.

ಉಳಿದ ಆಕ್ಷೇಪಗಳಲ್ಲಿ ಒಡೆತನದ್ದು ದೊಡ್ಡದು. 2009ರಲ್ಲಿ ಹಕ್ಕಿನ ತಕರಾರಿನಿಂದಾಗಿ ಅಮೆಜಾನ್ ಜಾರ್ಜ್ ಆರ್ವೆಲ್ಲರ ಪುಸ್ತಕಗಳನ್ನು ಗ್ರಾಹಕರ ಕಿಂಡಲ್‌ನಿಂದಲೇ ಅಳಿಸಿತು. ಹಾಗೆ ಕಪಾಟಿನ ಪುಸ್ತಕವನ್ನು ಯಾರೂ ಒಯ್ಯಲಾರರು, ಅದನ್ನು ಗೆಳೆಯರಿಗೆ ಎರವಲು ಕೊಡಲೂಬಹುದು. ಈ ದೂರು ನಿಜ. ಆದರೆ ದೋಷ ಇರುವುದು ಬೀಗ ಹಾಕಿದ ಮಾರಾಟ ಪದ್ಧತಿಯಲ್ಲಿ. ಬೀಗವಿಲ್ಲದ ಇಪಬ್ ಕಡತ ಕೊಂಡವರ ಬಳಿಯೇ ಉಳಿಯುತ್ತದೆ. ಬೀಗ ತೆಗೆದರೆ ಕಳ್ಳಪ್ರತಿ ಹರಡುತ್ತದೆಂದು ಪ್ರಕಾಶಕರು ಅಂಜುತ್ತಾರೆ. ಇ-ಪುಸ್ತಕವಾಗದ ಕನ್ನಡ ಕೃತಿಗಳ ಸ್ಕ್ಯಾನ್ ಪ್ರತಿಗಳು ಈಗಾಗಲೇ ಫೋನಿಂದ ಫೋನಿಗೆ ಹರಿದಾಡುತ್ತಿವೆ. ಸರಿಯಾದ ಪ್ರತಿ ನ್ಯಾಯವಾದ ಬೆಲೆಗೆ ಸಿಗದಿದ್ದಾಗ ಓದುಗರು ಕೆಟ್ಟ ಪ್ರತಿಯತ್ತ ಹೊರಳುತ್ತಾರೆ ಎಂಬುದನ್ನೇ ಇದು ತೋರಿಸುತ್ತದೆ. ಸಾಧನಕ್ಕೆ ಸಾವಿರಾರು ರೂಪಾಯಿ ಖರ್ಚಾಗುವುದು ಅನೇಕ ಮನೆಗಳಿಗೆ ಭಾರವೆಂಬುದನ್ನೂ ಒಪ್ಪಬೇಕು. ಇದಕ್ಕೆ ಪರಿಹಾರ ಸಾರ್ವಜನಿಕ ಗ್ರಂಥಾಲಯದಲ್ಲಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತಿರುವವರು ನಾವು. ಹಿರಿಯ ಓದುಗರಿಗೆ ಎರವಲು ಕೊಡಲು ಗ್ರಂಥಾಲಯದಲ್ಲಿ ನಾಲ್ಕಾರು ಇ-ರೀಡರ್ ಇಡಬೇಕೆಂದು ಕೇಳುವ ಹಕ್ಕು ನಮಗಿದೆ.

ಆ ಕೇಳಿಕೆ ಪುಸ್ತಕದ ರೂಪಕ್ಕೂ ವಿಸ್ತರಿಸಲಿ. ಸರ್ಕಾರ ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳುವಾಗ ಅಚ್ಚಿನ ಪ್ರತಿಯ ಜೊತೆ ಯೂನಿಕೋಡ್ ಇಪಬ್ ಪ್ರತಿಯನ್ನೂ ತಕ್ಕ ಬೆಲೆ ಕೊಟ್ಟು ಪಡೆಯಲಿ. ಅಕಾಡೆಮಿಗಳು, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಜನರ ಹಣದಲ್ಲಿ ತಂದ ಕೃತಿಗಳನ್ನು ಮೊದಲು ಈ ರೂಪಕ್ಕೆ ತರಲಿ. ಖಾಸಗಿ ಪ್ರಕಾಶಕರು ಹೊಸ ಪುಸ್ತಕಗಳಿಂದಲಾದರೂ ಆರಂಭಿಸಲಿ; ಇಂದು ಯೂನಿಕೋಡ್‌ನಲ್ಲೇ ಬರೆದು ಕಳಿಸುವ ಲೇಖಕರು ಹೆಚ್ಚಿರುವುದರಿಂದ ಆ ಕೆಲಸ ಹಳೆಯ ಕಡತಗಳಷ್ಟು ತ್ರಾಸದಾಯಕವಲ್ಲ. ಓದುಗರೂ ಪುಸ್ತಕದಂಗಡಿಗೆ ಹೋದಾಗ, ಪ್ರಕಾಶಕರಿಗೆ ಫೋನ್ ಮಾಡಿದಾಗ, ಇದರ ಇ-ಪುಸ್ತಕ ಇದೆಯೇ ಎಂದು ವಿಚಾರಿಸಲಿ. ಕೇಳುವವರು ಇದ್ದಾರೆಂದು ಗೊತ್ತಾದರೆ ಮಾಡುವವರಿಗೆ ಧೈರ್ಯ ಬರುತ್ತದೆ. ಒಳ್ಳೆಯ ಸಾಧನ ಈಗಾಗಲೇ ನಮ್ಮ ಕೈಗೆ ಸಿಕ್ಕಿದೆ. ಅದರೊಳಗೆ ಕನ್ನಡವನ್ನು ತುಂಬುವ ಕೆಲಸ ಮಾತ್ರ ನಮ್ಮದೇ, ಬೇರೆ ಯಾವ ಕಂಪನಿಯೂ ಅದನ್ನು ನಮ್ಮ ಪರವಾಗಿ ಮಾಡಿಕೊಡದು.